ಬೀಜಕ್ಕೆ ಬಿಟ್ಟ ಬದನೆ

ದೇವೀರವ್ವ ಬಚ್ಚಲ ನೀರನ್ನು ಮೂಸಿ ನೋಡುತ್ತಿದ್ದಳು. ನಂಜನಗೂಡಿನ ಆ ಮನೆಯ ಬಚ್ಚಲಿನಿಂದ ಹೊರಟ ನೀರು ಗೋಡೆಯ ಬುಡದ ಮೋರಿಯಲ್ಲಿ ತೂರಿ ಹಿತ್ತಲಿನ ಕಾಲುವೆಗೆ ಬೀಳುತ್ತಿತ್ತು; ಅಲ್ಲಿಂದ ಸೊಪ್ಪಿನ ಪಾತಿ, ಅದರಾಚೆ ಬದನೆ, ಕೊನೆಯಲ್ಲಿ ಹೀರೆಯ ಚಪ್ಪರ. ಮೋರಿಯ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೊಗಸೆಯಲ್ಲಿ ನೀರು ಹಿಡಿದು, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆಯುವಳು. ಸೀಗೆಪುಡಿಯ ವಾಸನೆ ಬಂದರೆ ಮುಖದಲ್ಲಿ ಸಮಾಧಾನ. ಬೇರೆ ಏನಾದರೂ ಬಂದರೆ, ಮಿಂದವನು ಬಟ್ಟೆ ಉಡುವುದಕ್ಕೆ ಮೊದಲೇ ಗೋಡೆಯ ಆಚೆಯಿಂದ ಕೂಗು ಕೇಳುತ್ತಿತ್ತು.

ಆ ಕೂಗು ಮೊದಲು ಕೇಳಿಸಿದ್ದು ನನಗೇ. ಆಗ ನಾನು ಬಿ.ಎ. ಮುಗಿಸಿ ನಂಜನಗೂಡಿನ ಶಾಲೆಗೆ ಮೇಷ್ಟ್ರಾಗಿ ಬಂದಿದ್ದೆ. ದೇವೀರವ್ವನ ಮನೆಯ ಮುಂದಿನ ಕೋಣೆ ನನ್ನ ಬಿಡಾರ. ಅವಳ ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಕೋಣೆ ಕೇಳಲು ಹೋದ ದಿನ ಅವಳು ನನ್ನ ಪದವಿಯನ್ನು ವಿಚಾರಿಸಲಿಲ್ಲ. ಊರು ಯಾವುದೆಂದು ಕೇಳಿದಳು. ಹೆಮ್ಮರಗಾಲ ಎಂದೆ. ಹೊಲ ಇದೆಯಾ ಎಂದಳು. ಇದೆ ಎಂದೆ. "ಅಂಗಾದ್ರೆ ಒಳೀಕ್ ಬಾ ಮೊಗ" ಎಂದಳು.

ಮೊದಲ ವಾರವೇ ಈ ಕೂಗು.

"ಏನ್ಲಾ ಮೊಗ ಇದು? ಬಚ್ಚಲಲ್ಲಿ ಊವಿನಂಗಡಿ ಇಟ್ಟಿದ್ದೀಯಾ?"

"ಸೋಪು ಅವ್ವ. ಮೈ ಕೊಳೆ ಹೋಗ್ತದೆ."

"ಓಯ್ತದೆ. ಎಲ್ಲಿಗ್ ಓಯ್ತದೆ? ನನ್ ಸೊಪ್ಪಿನ ಪಾತಿಗ್ ಓಯ್ತದೆ. ನೀನ್ ಬೆಳ್ಳಗಾಗೋಕೆ ನನ್ ದಂಟು ಯಾಕ್ಲಾ ಅಳದಿ ಆಗ್ಬೇಕು?"

ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಬಂದವನಿಗೆ ಇದನ್ನು ಹಾಗೇ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಎಲೆ ಹಳದಿಯಾಗುವುದಕ್ಕೆ ಹತ್ತು ಕಾರಣಗಳಿರಬಹುದು, ಪರೀಕ್ಷೆ ಮಾಡಿ ನೋಡೋಣ ಎಂದೆ. ಅವಳು ನಗುತ್ತಾ ಕೀರೆ ಸೊಪ್ಪಿನ ಎರಡು ಪಾತಿಗಳನ್ನು ನನಗೆ ಬಿಟ್ಟುಕೊಟ್ಟಳು. ಹದಿನೈದು ದಿನ ಒಂದಕ್ಕೆ ಸೋಪಿನ ನೀರು, ಇನ್ನೊಂದಕ್ಕೆ ಬಾವಿಯ ನೀರು ಹಾಕಿದೆ. ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಂಡವು. ಅವ್ವ ಎರಡನ್ನೂ ಬೇರೆ ಬೇರೆ ಗಡಿಗೆಯಲ್ಲಿ ಬೇಯಿಸಿ ಬಡಿಸಿದಳು. "ಈಗ ಯೋಳು" ಎಂದಳು. ನನ್ನ ನಾಲಗೆಗೂ ಎರಡೂ ಒಂದೇ. ಆದರೆ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಎಡಗಡೆಯದು ಸಪ್ಪೆ ಎಂದುಬಿಟ್ಟೆ. "ಅದೇ ಸೋಪಿಂದು!" ಎಂದು ಕೈ ತಟ್ಟಿದಳು. ಊಹೆ ಹೇಗೋ ಸರಿಬಿದ್ದಿತ್ತು. ಅಂದಿನಿಂದ ಆ ಮನೆಯಲ್ಲಿ ಇದ್ದಷ್ಟು ದಿನ ನಾನು ಸೋಪು ಮುಟ್ಟಲಿಲ್ಲ. ಬಚ್ಚಲಿಗೆ ಬಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಯಾವ ಕಾಲಕ್ಕೂ ನಾನು ಹೇಳುವಂತಿಲ್ಲ.

ಹಿತ್ತಲು ದೊಡ್ಡದಲ್ಲ. ಇಪ್ಪತ್ತು ಹೆಜ್ಜೆ ಉದ್ದ, ಹನ್ನೆರಡು ಹೆಜ್ಜೆ ಅಗಲ ಇದ್ದೀತು. ಅಳೆದವನು ನಾನೇ, ಆದರೂ ಈಗ ಅಂಕಿಯ ಮೇಲೆ ನಂಬಿಕೆಯಿಲ್ಲ. ಬೆಳಗಿನ ಹೊತ್ತು ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ಇಬ್ಬನಿ ಆರುವ ಮುಂಚೆ ಎಲೆಗಳ ಮೇಲೆ ತಟ್ಟುತ್ತಾ ಹೋಗುವಳು. ಒದ್ದೆ ಎಲೆಗೆ ಬೂದಿ ಅಂಟುತ್ತಿತ್ತು, ಹೇನು ಹತ್ತುತ್ತಿರಲಿಲ್ಲ. ಬದನೆಯ ಕುಡಿ ಜೋತುಬಿದ್ದರೆ ಒಳಗೆ ಹುಳು ಹೊಕ್ಕಿದೆ ಎಂದು ಅರ್ಥ. ಒಂದು ಗೇಣು ಕೆಳಗೆ ಚಿವುಟಿ ತಂದು ಒಲೆಗೆ ಹಾಕುವಳು. ತಿಪ್ಪೆಗೆ ಎಸೆಯಲು ಹೋದ ನನ್ನನ್ನು ಒಮ್ಮೆ ತಡೆದು, "ಅಲ್ಲಿ ಆಕಿದ್ರೆ ಮುಂದಿನ ಸಲ ಗೊಬ್ಬರದ ಜೊತೆ ಸಂಸಾರ ಸಮೇತ ಬತ್ತದೆ ಕಣ" ಎಂದಿದ್ದಳು. ಎಲೆ ತಿನ್ನುವ ಹುಳುಗಳನ್ನು ಕೈಯಲ್ಲೇ ಆರಿಸುವಳು. ಆರಿಸುವಾಗ ಅವುಗಳ ಜೊತೆ ಮಾತು: "ತಿಂದಿದ್ದು ಸಾಕು, ನಡಿ, ಕೋಳಿ ಕಾಯ್ತಾ ಅದೆ." ಈ ವರ್ಷ ಬದನೆ ಇದ್ದಲ್ಲಿ ಮುಂದಿನ ವರ್ಷ ಬದನೆ ಇಡುತ್ತಿರಲಿಲ್ಲ, ಅವರೆಯನ್ನೋ ಸೊಪ್ಪನ್ನೋ ಹಾಕುತ್ತಿದ್ದಳು. ಎಳೆಕಾಯಿಯನ್ನು ತೋರಿಸುವಾಗ ಬೆರಳು ನೀಡದೆ ಮಡಿಸಿ ತೋರಿಸುವಳು. ಬೆರಳು ನೀಡಿದರೆ ಕಾಯಿ ಕೊಳೆಯುತ್ತದಂತೆ. ಅದನ್ನೂ ಪರೀಕ್ಷೆ ಮಾಡಬೇಕೆಂದು ನನಗೆ ಆಸೆಯಿತ್ತು, ಧೈರ್ಯ ಬರಲಿಲ್ಲ.

ಬೆಳೆದದ್ದನ್ನು ಬೀದಿಗೆಲ್ಲ ಹಂಚುತ್ತಿದ್ದಳು. ಯಾರ ಮನೆಯಲ್ಲಾದರೂ ಹೆರಿಗೆಯಾದರೆ ಮರುದಿನವೇ ಸಬ್ಬಸಿಗೆ ಸೊಪ್ಪಿನ ಕಂತೆ ಹೋಗುತ್ತಿತ್ತು. ಮೂಲವ್ಯಾಧಿಯವರಿಗೆ ದಂಟು, ಕೆಮ್ಮಿನವರಿಗೆ ದೊಡ್ಡಪತ್ರೆ. ಕೇಳಿದರೂ ಕೊಡದಿದ್ದುದು ಒಂದೇ: ಬದನೆಯ ಬೀಜ.

ಆ ಬದನೆ ಬೇರೆಲ್ಲೂ ನಾನು ಕಾಣದ್ದು. ಎಳೆಹಸಿರು ಮೈ, ತೊಟ್ಟಿನಿಂದ ಇಳಿದ ಬಿಳಿ ಗೆರೆ, ಮುಷ್ಟಿಯಷ್ಟು ಗಾತ್ರ. ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಿದರೆ ಬಿಸಿ ಇಟ್ಟಿನ ಜೊತೆ ಎಷ್ಟು ಹೋಯಿತೆಂದು ತಿಳಿಯುತ್ತಿರಲಿಲ್ಲ. ಇಟ್ಟು ಎಂದರೆ ನಮ್ಮ ಕಡೆ ರಾಗಿಮುದ್ದೆ. ಕವಲಂದೆಯಲ್ಲಿದ್ದ ಅವಳ ತಾಯಿ, ಮದುವೆಯ ದಿನ ಆ ಬೀಜವನ್ನು ಮಗಳ ಸೆರಗಿನ ತುದಿಗೆ ಕಟ್ಟಿ ಕಳಿಸಿದ್ದಳಂತೆ. ಆ ತಾಯಿಗೆ ಅವಳ ತಾಯಿ. ಹಿರೀಮಗಳಿಗೆ ಮಾತ್ರ ಕೊಡುವುದು ಆ ಮನೆಯ ಕ್ರಮ. ಕಿರಿಯರಿಗಿಲ್ಲ, ಸೊಸೆಯರಿಗಿಲ್ಲ.

ಒಂದು ದಿನ ಉಣ್ಣುತ್ತಾ ಕೇಳಿದೆ. "ನನಗೂ ನಾಲ್ಕು ಬೀಜ ಕೊಡವ್ವ, ಊರಿಗೆ ಕಳಿಸ್ತೀನಿ."

"ನೀನ್ಯಾವ್ ಸೀಮೆ ಇರೀಮಗಳ್ಲಾ? ಸೀರೆ ಉಟ್ಕೊಂಡು, ಮೀಸೆ ಬೋಳಿಸ್ಕೊಂಡು ಬಾ. ಸೆರಗಿಗ್ ಕಟ್ತೀನಿ."

"ಒಂದೇ ಕಡೆ ಇದ್ದರೆ ಒಂದು ದಿನ ಇಲ್ಲದಂತಾಗ್ತದೆ ಅವ್ವ. ನಾಲ್ಕು ಕಡೆ ಇರಬೇಕು."

"ನಾಕ್ ಕಡೆ ಇದ್ರೆ ಅದು ನಮ್ಮವ್ವಂದು ಎಂಗಾಯ್ತದೆ? ಸಂತೇದಾಯ್ತದೆ. ಸುಮ್ಕೆ ಉಣ್ಣು."

ಅಂದು ನಾನು ಅಷ್ಟು ಬುದ್ಧಿವಂತಿಕೆಯ ಮಾತು ಆಡಿದ್ದೆನೇ, ಅಥವಾ ಮುಂದೆ ಆದದ್ದನ್ನು ಕಂಡಮೇಲೆ ನನ್ನ ಬಾಯಿಗೆ ನಾನೇ ಅದನ್ನು ತುರುಕಿಕೊಂಡೆನೇ? ಸೀರೆ, ಮೀಸೆಯ ಮಾತು ಖಂಡಿತ ಅವಳದು. ಅದಕ್ಕೆ ಬಹಳ ದಿನ ನಕ್ಕಿದ್ದೇವೆ. ನನ್ನ ಮಾತಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನ.

ಅವಳಿಗೆ ಮಗಳಿರಲಿಲ್ಲವಷ್ಟೆ. ತಿರುಮಕೂಡಲು ನರಸೀಪುರದಲ್ಲಿ ತಂಗಿ ನಂಜವ್ವ ಇದ್ದಳು, ಆ ತಂಗಿಗೆ ಗೌರಿ ಎಂಬ ಒಬ್ಬಳೇ ಮಗಳು. ನಾನು ನಂಜನಗೂಡಿಗೆ ಬಂದ ನಾಲ್ಕನೆಯ ವರ್ಷ ಗೌರಿಯ ಮದುವೆ ಮಾಘಮಾಸಕ್ಕೆ ಗೊತ್ತಾಯಿತು. ಆ ಸುದ್ದಿ ಬಂದ ದಿನ ಅವ್ವ ಹಿತ್ತಲಲ್ಲಿ ತುಂಬ ಹೊತ್ತು ಒಬ್ಬಳೇ ಓಡಾಡಿದಳು. ಆಮೇಲೆ ನನ್ನನ್ನು ಕರೆದು, ಬೆರಳು ಮಡಿಸಿ ಒಂದೊಂದೇ ಗಿಡ ತೋರಿಸಿದಳು. ಒಂಬತ್ತು ಗಿಡಗಳಲ್ಲಿ ಒಂದೊಂದು ಕಾಯಿಗೆ ಬಾಳೆನಾರು ಕಟ್ಟಿದ್ದಳು.

"ಇವ್ನ ಕೀಳ್ಬೇಡ ಮೊಗ. ಬೀಜಕ್ ಬಿಟ್ಟಿವ್ನಿ. ಗೌರಿಗೆ."

"ಗೌರಿ ನಿನ್ನ ಮಗಳಲ್ಲವಲ್ಲ, ಕ್ರಮ ತಪ್ಪಲಿಲ್ವಾ?" ಎಂದು ಕೆಣಕಿದೆ.

"ನಾನು ಇರೀಮಗಳು, ನನ್ಗಿಲ್ಲ ಅಂದ್ಮೇಲೆ ಅವ್ಳೇ ನನ್ ಮಗಳು. ನಮ್ಮವ್ವ ಬಂದ್ ಕೇಳಿದ್ರೆ ನಾನ್ ಯೋಳ್ಕತೀನಿ, ನೀನ್ ಯಾಕ್ ಬೆವರ್ತೀಯ?"

ಹಳೆಯ ಬೀಜ ಅವಳು ಉಳಿಸಿಕೊಳ್ಳುತ್ತಿರಲಿಲ್ಲ. ವರ್ಷ ದಾಟಿದ ಬೀಜದಲ್ಲಿ ಕಸುವಿರುವುದಿಲ್ಲವೆಂದು ಇದ್ದದ್ದನ್ನೆಲ್ಲ ಮಳೆಗಾಲದಲ್ಲೇ ಸಸಿ ಎಬ್ಬಿಸುವ ಒಟ್ಟುಪಾತಿಗೆ ಚೆಲ್ಲಿಬಿಡುತ್ತಿದ್ದಳು. ಆದ್ದರಿಂದ ಆ ಕಾರ್ತಿಕದಲ್ಲಿ ಆ ಬದನೆ ಈ ಲೋಕದಲ್ಲಿ ಇದ್ದದ್ದು ಒಂಬತ್ತು ಕಾಯಿಗಳ ಒಳಗೆ ಮಾತ್ರ. ಕಾಯಿ ಗಿಡದಲ್ಲೇ ಬಲಿತು, ಹಸಿರು ಹೋಗಿ ಹಳದಿ ತಿರುಗಬೇಕು. ಅದಕ್ಕೆ ಇನ್ನೂ ಮೂರು ವಾರ ಬೇಕಿತ್ತು.

ಆ ಮೂರು ವಾರದೊಳಗೆ ನಮ್ಮ ಬೀದಿಯಲ್ಲಿ ಇಲಿ ಬಿದ್ದವು.

ಪ್ಲೇಗು ಕಂಡವರಿಗೆ ವಿವರಿಸಬೇಕಾಗಿಲ್ಲ. ಸತ್ತ ಇಲಿ ಕಂಡ ಮನೆಯವರು, ಅಕ್ಕಪಕ್ಕದವರು ಎಲ್ಲರೂ ಪಾತ್ರೆ ಪಡಗ ಕಟ್ಟಿಕೊಂಡು ಊರಾಚೆಯ ಗುಡಿಸಲುಗಳಿಗೆ ಹೋಗಬೇಕು. ಖಾಲಿ ಮನೆಗಳಿಗೆ ಔಷಧಿ ನೀರು ಹೊಡೆಯಬೇಕು. ಶಾಲೆ ಮುಚ್ಚಿತು, ಮೇಷ್ಟ್ರುಗಳಿಗೆ ಮನೆಗಳ ಪಟ್ಟಿ ಕೊಟ್ಟು ಕೆಲಸದವರ ಹಿಂದೆ ನಿಲ್ಲಿಸಿದರು. ನನ್ನ ಪಾಲಿಗೆ ನಮ್ಮ ಬೀದಿಯೇ ಬಂತು.

ಅವ್ವ ಗಾಡಿ ಹತ್ತುವಾಗ ಮಡಿಲಲ್ಲಿ ಕೋಳಿಯ ಬುಟ್ಟಿ ಇತ್ತು. ಹಿತ್ತಲಿಗೆ ನೀರು ಹಾಕುವುದನ್ನು ನನಗೆ ಒಪ್ಪಿಸಿದಳು. ಪಟ್ಟಿ ಹಿಡಿದವನಾದ್ದರಿಂದ ನನಗೆ ಒಳಗೆ ಹೋಗಲು ಅಡ್ಡಿಯಿರಲಿಲ್ಲ. ಗಾಡಿ ಅಲುಗಿದ ಮೇಲೆ ತಲೆ ಹೊರಗೆ ಚಾಚಿ ಕೂಗಿದಳು:

"ಮೋರಿ ಬಾಯಿಗೆ ಬಟ್ಟೆ ಗಿಡಿ ಮೊಗ! ಔಸ್ದಿ ನೀರು ಇತ್ಲಿಗ್ ಬರ್ಬಾರ್ದು!"

"ಗಿಡೀತೀನಿ, ನೀನು ನಡಿ ಅವ್ವ."

ಇದಿಷ್ಟು ನನಗೆ ನೆನಪಿದೆ. ಮರುದಿನದ್ದೇ ನೆನಪಿಲ್ಲ.

ಮರುದಿನ ಹನ್ನೊಂದು ಮನೆಗಳಿಗೆ ಔಷಧಿ ಹೊಡೆಸಿದೆವು. ಮೂರನೆಯ ಮನೆಯ ಮೂಲೆಯಲ್ಲಿ, ಮನೆಯವರು ಬಿಟ್ಟುಹೋಗಿದ್ದ ಮುದುಕನೊಬ್ಬ ಜ್ವರದಲ್ಲಿ ನರಳುತ್ತಿದ್ದ. ಅವನನ್ನು ಸಾಗಿಸಲು ಗಾಡಿಗಾಗಿ ಓಡಾಡಿದೆ. ನಾನು ಓಡಾಡುತ್ತಿದ್ದಾಗ ಕೆಲಸದವರು ಮುಂದೆ ಹೋಗಿದ್ದರು. ದೇವೀರವ್ವನ ಮನೆಗೆ ನಾನು ಬಂದದ್ದು ಅವರ ಜೊತೆಗೋ, ಅವರ ನಂತರವೋ? ನನ್ನ ಕೈಯಲ್ಲಿ ಒದ್ದೆ ಬಟ್ಟೆ ಇದ್ದ ನೆನಪಿದೆ. ಕೆಂಪು ಅಂಚಿನ ಹಳೆಯ ಸೀರೆಯ ತುಂಡು. ಅದನ್ನು ಮುದ್ದೆಮಾಡಿ ಮೋರಿಗೆ ತುರುಕಿ ಹಿಮ್ಮಡಿಯಲ್ಲಿ ಒದ್ದದ್ದೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅವ್ವ ಕೆಂಪು ಅಂಚಿನ ಸೀರೆ ಉಟ್ಟದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಹಾಗಾದರೆ ಆ ಬಟ್ಟೆ ಯಾರದು? ಮುದುಕನ ಮನೆಯದೇ? ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದ್ದೆನೆ? ಇನ್ನೊಂದು ನೆನಪಿನಲ್ಲಿ ಕೆಲಸದವನೊಬ್ಬ, "ನೀರು ಮಡುಗಟ್ತದೆ ಸಾ, ಒಳಗೇ ನಿಂತ್ರೆ ನಾವೆಲ್ಲಿ ಕಾಲಿಡೋದು" ಎಂದು ಬಗ್ಗಿ ಏನನ್ನೋ ಎಳೆಯುತ್ತಾನೆ. ಅವನು ಎಳೆದದ್ದು ನಾನು ತುರುಕಿದ್ದನ್ನೇ, ಅಥವಾ ಅದು ಬೇರೆ ಮನೆಯ ಬಚ್ಚಲೇ? ಅವನು ಎಳೆದಿದ್ದರೆ ತಪ್ಪು ಅವನದು. ಅದಕ್ಕಾಗಿಯೇ ಈ ನೆನಪನ್ನು ನಾನು ನಂಬುವುದಿಲ್ಲ. ಅದು ನನಗೆ ತುಂಬ ಅನುಕೂಲವಾಗಿದೆ.

ಸಂಶಯವಿಲ್ಲದ್ದು ಒಂದೇ. ಮಧ್ಯಾಹ್ನ ಹಿತ್ತಲಿಗೆ ಕಾಲಿಟ್ಟಾಗ ಕಾಲುವೆಯ ತುಂಬ ಬಿಳಿಯ ನೀರು ನಿಂತಿತ್ತು. ಮೂಗು ಉರಿಯುವ ವಾಸನೆ. ಬದನೆಯ ಪಾತಿಯಲ್ಲಿ ಆ ನೀರು ಆಗಲೇ ಇಂಗುತ್ತಿತ್ತು. ಬಾವಿಯಿಂದ ಐವತ್ತು ಕೊಡ ಸೇದಿ ಹೊಯ್ದೆ. ಅಷ್ಟು ನೀರು ಹೊಯ್ಯದಿದ್ದರೆ ಗಿಡ ಬದುಕುತ್ತಿತ್ತೋ ಏನೋ, ಅದೂ ಗೊತ್ತಿಲ್ಲ. ಐದನೆಯ ದಿನಕ್ಕೆ ಎಲೆಗಳ ಅಂಚು ಸುಟ್ಟಿತು. ಎಂಟನೆಯ ದಿನಕ್ಕೆ ಎಲೆ ಉದುರಿ, ನಾರು ಕಟ್ಟಿದ ಕಾಯಿಗಳು ಸುಕ್ಕುಗಟ್ಟಿ ಬಣ್ಣ ತಿರುಗಿದವು.

ನಾನು ದಿನ ಬಿಟ್ಟು ದಿನ ಗುಡಿಸಲಿಗೆ ಹೋಗಿ ಅವ್ವನನ್ನು ನೋಡಿ ಬರುತ್ತಿದ್ದೆ. ಒಂಬತ್ತನೆಯ ದಿನ ಅವಳು ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಕೇಳಿದಳು:

"ಅಳದಿ ತಿರುಗಿದ್ವಾ?"

"ತಿರುಗಿವೆ ಅವ್ವ."

"ಎಲ್ಲಾವೂ?"

"ಎಲ್ಲವೂ."

"ಒಂಬತ್ತೂ!" ಎಂದು ತೊಡೆ ತಟ್ಟಿಕೊಂಡಳು. ಪಕ್ಕದ ಗುಡಿಸಲಿನ ಹೆಂಗಸನ್ನು ಕೂಗಿ, "ಕೇಳಿದ್ಯಾ ಸಿದ್ದವ್ವ, ಒಂಬತ್ತೂ ಅಳದಿ ತಿರುಗಿದ್ವಂತೆ. ನಮ್ ಗೌರಿ ಪುಣ್ಯವಂತೆ ಕಣೇ" ಎಂದಳು. ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು. ಕುಡಿದೆ. ನಾನು ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವತ್ತು ನಿಜ ಹೇಳಿಬಿಡಬೇಕಿತ್ತು. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ, ಮತ್ತೆ ಹೋದಾಗಲೂ ಆಗಲಿಲ್ಲ.

ತಿಂಗಳಾದ ಮೇಲೆ ಊರಿಗೆ ಮರಳಲು ಅಪ್ಪಣೆಯಾಯಿತು. ಅವ್ವ ಮನೆಯ ಮುಂಬಾಗಿಲನ್ನೂ ತೆರೆಯದೆ ಸಂದಿಯಿಂದ ನೇರವಾಗಿ ಹಿತ್ತಲಿಗೆ ಹೋದಳು. ನಾನು ಹಿಂದೆ ಹೋದೆ. ಅವಳು ಅಳಲಿಲ್ಲ. ಮೊದಲ ಗಿಡದ ಹತ್ತಿರ ಕೂತು, ನಾರು ಕಟ್ಟಿದ ಕಾಯಿ ಕಿತ್ತು, ಉಗುರಿನಲ್ಲಿ ಸೀಳಿದಳು. ಒಳಗೆ ಬೀಜ ಬೆಳ್ಳಗೆ, ಚಪ್ಪಟೆಯಾಗಿತ್ತು, ಇನ್ನೂ ಬಲಿತಿರಲಿಲ್ಲ. ಒಂಬತ್ತನ್ನೂ ಹಾಗೇ ಸೀಳಿದಳು. ಎಲ್ಲ ಬೀಜವನ್ನೂ ಕಂಚಿನ ಬಟ್ಟಲಿನ ನೀರಿಗೆ ಹಾಕಿದಳು. ಗಟ್ಟಿ ಬೀಜ ಮುಳುಗಬೇಕು, ಜೊಳ್ಳು ತೇಲುತ್ತದೆ. ನಾವಿಬ್ಬರೂ ಬಟ್ಟಲನ್ನೇ ನೋಡುತ್ತಾ ಕೂತೆವು. ಅವಳು ಬೆರಳಲ್ಲಿ ಒಂದೊಂದನ್ನೇ ಒತ್ತಿ ಮುಳುಗಿಸುವಳು, ಬೆರಳು ತೆಗೆದ ಕೂಡಲೇ ಅದು ಮೇಲೆ ಬರುವುದು.

"ಔಸ್ದಿ ಬಲು ಜೋರಾಗಿತ್ತು, ಅಲ್ವಾ" ಎಂದಳು.

"ಹೌದು ಅವ್ವ."

ಮೋರಿಯ ವಿಷಯ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ಜೊಳ್ಳನ್ನೇ ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಬೇರೆ ಮಣ್ಣು ತರಿಸಿ ಒಟ್ಟುಪಾತಿಗೆ ಹಾಕಿದಳು. ಹದಿನೈದು ದಿನ ಹುಲ್ಲು ಮಾತ್ರ ಹುಟ್ಟಿತು. ಹುಟ್ಟಿದ ಪ್ರತಿ ಹಸಿರನ್ನೂ ಅವಳು ಮುಖ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡುತ್ತಿದ್ದಳು. ಆಮೇಲೆ ಮಾಘ ಬಂತು. ಗೌರಿಯ ಮದುವೆಗೆಂದು ನರಸೀಪುರಕ್ಕೆ ಹೋದವಳು ಹಿಂದಕ್ಕೆ ಬರಲಿಲ್ಲ. ತಂಗಿಯ ಮನೆಯಲ್ಲೇ ಉಳಿದಳೆಂದು ಸುದ್ದಿ ಬಂತು. ಮನೆಗೆ ಬೀಗ ಬಿತ್ತು. ನಾನೂ ಕೆಲಸ ಬಿಟ್ಟು ಊರೂರು ತಿರುಗಿದೆ.

ಎರಡು ವರ್ಷದ ಮೇಲೆ, ಯಾವ ಊರಲ್ಲೂ ಮನಸ್ಸು ನಿಲ್ಲದೆ, ಒಂದು ದಿನ ಕವಲಂದೆಗೆ ಹೋದೆ. ಅವಳ ತವರುಮನೆಯ ಜಾಗದಲ್ಲಿ ಬೇರೆಯವರಿದ್ದರು. ಮನೆಮನೆಯ ಹಿತ್ತಲು ನೋಡಿದೆ. ಗೆರೆಯ ಬದನೆ ಸಿಕ್ಕಿತು. ಅದೇ ಎಂದು ನನಗನ್ನಿಸಿತು, ಅಲ್ಲವೆಂದೂ ಅನ್ನಿಸಿತು. ಬೀಜ ಪೊಟ್ಟಣ ಕಟ್ಟಿಸಿಕೊಂಡು ನರಸೀಪುರಕ್ಕೆ ಹೋದೆ. ನಾನು ಅವಳನ್ನು ಕಡೆಯ ಸಲ ನೋಡಿದ್ದು ಅಂದೇ. ಮುಂದಿನ ಮಳೆಗಾಲವನ್ನು ಕಾಣಲು ಅವಳು ಉಳಿಯಲಿಲ್ಲ.

ನಂಜವ್ವನ ಮನೆಯ ಹಿಂದೆ ದನದ ಕೊಟ್ಟಿಗೆ, ಅದರ ಹಿಂದೆ ಬೇರೆಯವರ ಗೋಡೆ. ಅವ್ವ ಜಗಲಿಯಲ್ಲಿ ಕೂತು ಸಂತೆಯಿಂದ ತಂದ ಸೊಪ್ಪು ಬಿಡಿಸುತ್ತಿದ್ದಳು. ತೂತು ಬಿದ್ದ ಎಲೆಗಳೇ ಹೆಚ್ಚು. "ಬಾ ಮೊಗ, ಎಷ್ಟ್ ಸೊರಗಿದ್ದೀಯ" ಎಂದು ಜಾಗ ಬಿಟ್ಟಳು. ಪೊಟ್ಟಣ ಬಿಚ್ಚಿ ಕೊಟ್ಟೆ. ಅಂಗೈಯಲ್ಲಿ ಹರವಿಕೊಂಡು ಬಹಳ ಹೊತ್ತು ನೋಡಿದಳು.

"ಯಾರ್ ಮನೇವು?"

"ಕವಲಂದೆಯವೇ ಅವ್ವ."

"ಕವಲಂದೇಲಿ ಬೇಕಾದಷ್ಟು ಮನೆ ಅವೆ" ಎಂದು ಮೆಲ್ಲಗೆ ಪೊಟ್ಟಣಕ್ಕೆ ಸುರಿದು, ಬಾಗಿಲಲ್ಲಿ ನಿಂತಿದ್ದ ನಂಜವ್ವನ ಕೈಗೆ ಕೊಟ್ಟಳು. ನಂಜವ್ವ ಅದನ್ನು ಹಿಡಿದುಕೊಂಡು ಅಲ್ಲೇ ನಿಂತಳು.

ಎರಡು ವರ್ಷ ಒಳಗಿಟ್ಟುಕೊಂಡದ್ದನ್ನು ಆಗ ಹೇಳಿದೆ. "ಅವ್ವ, ಗಾಡಿ ಹೊರಟಾಗ ಮೋರಿಗೆ ಬಟ್ಟೆ ಗಿಡಿ ಅಂದಿದ್ದೆ ನೀನು. ನಾನು ಗಿಡಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಗೊತ್ತಾಗ್ತಿಲ್ಲ. ಆ ಒಂಬತ್ತು ಕಾಯಿ ಹಳದಿ ತಿರುಗಿವೆ ಅಂದೆನಲ್ಲ, ಆಗ ಗಿಡ ಸಾಯ್ತಾ ಇತ್ತು. ಅದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು."

ಅವಳ ಕೈ ಸೊಪ್ಪು ಬಿಡಿಸುತ್ತಲೇ ಇತ್ತು.

"ನಾನ್ ಎಲ್ ಯೋಳ್ದೆ ಅಂಗೆ? ಗಾಡಿ ಅತ್ತೋ ಗಡಿಬಿಡೀಲಿ ಮೋರಿ ಗ್ಯಾನ ಯಾರಿಗಿರ್ತದೆ?"

"ಹೇಳಿದ್ದೆ ಅವ್ವ. ತಲೆ ಹೊರಗೆ ಹಾಕಿ ಕೂಗಿದೆ."

"ಇಲ್ಲ ಮೇಷ್ಟ್ರೇ. ನಾನ್ ಯೋಳ್ನಿಲ್ಲ. ನೀವು ಮನಸಿಗ್ ಅಚ್ಕೋಬೇಡಿ. ಕೈ ತೊಳ್ಕಂಡ್ ಬನ್ನಿ, ಬಿಸಿ ಇಟ್ಟು ಅದೆ, ಉಂಡು ಓಗಿ."

ಅವಳ ಮನೆಯಲ್ಲಿ ನಾನಿದ್ದ ನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಒಂದು ದಿನವೂ ಮೇಷ್ಟ್ರೇ ಎಂದಿರಲಿಲ್ಲ, ನೀವು ಎಂದಿರಲಿಲ್ಲ. ತಂಗಿ ಎದುರಿಗಿದ್ದಳು, ಓದಿದವನಿಗೆ ಅವಳ ಮುಂದೆ ಮರ್ಯಾದೆ ಕೊಟ್ಟಿರಬಹುದು. ಹಾಗೆಂದೇ ಅಂದುಕೊಳ್ಳಲು ನೋಡಿದ್ದೇನೆ.

ಕೈ ತೊಳೆದು ಬಂದು ಒಳಗೆ ಮಣೆಯ ಮೇಲೆ ಕೂತೆ. ನಂಜವ್ವ ಬಡಿಸಿದಳು. ಅವ್ವ ಜಗಲಿಯಿಂದ ಏಳಲಿಲ್ಲ.